ಸೂಜಿ, ಮೂರು ಚೌಕ, ಒಂದು ಹೂವು

ನನ್ನ ಮುಖವನ್ನೇ ನೋಡದ ಒಂದಷ್ಟು ಜನ ನನ್ನನ್ನು ಅಜ್ಜಿ ಎಂದು ಕರೆಯುತ್ತಿದ್ದರು. ನನಗಿನ್ನೂ ಮೂವತ್ತು ದಾಟಿಲ್ಲ. ಆದರೂ ಹಾಗೆ ಕರೆಸಿಕೊಳ್ಳುವುದು ನನಗೆ ಇಷ್ಟವಾಗಿತ್ತು. ಈಗ ಅವರು ಮೇಡಂ ಎನ್ನುತ್ತಾರೆ. ಅಜ್ಜಿಯಾಗಿದ್ದವಳು ಮೇಡಂ ಆದದ್ದು ಹೇಗೆಂದು ಹೇಳಲು ನಾಚಿಕೆಯಾಗುತ್ತದೆ. ಹೇಳದೆ ಒಳಗೇ ಇಟ್ಟುಕೊಂಡರೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ಹಳಿಯಾಳದ ಬಸ್ ನಿಲ್ದಾಣದ ಹಿಂದಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಕೆಲಸ. ಪಹಣಿ ತೆಗೆದುಕೊಡುವುದು, ಆಧಾರ್ ಪ್ರಿಂಟ್ ಹಾಕುವುದು, ಮಕ್ಕಳ ಫೋಟೋ ಚಿಕ್ಕದು ಮಾಡಿ ಅಪ್‌ಲೋಡ್ ಮಾಡುವುದು. ಮಧ್ಯಾಹ್ನ ಗಿರಾಕಿಗಳು ಊಟಕ್ಕೆ ಹೋದಾಗ ಅದೇ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ಯಾರ ಸಹಾಯವೂ ಇಲ್ಲದೆ ಕಲಿತೆ ಎಂದು ಜಂಬ ಕೊಚ್ಚಿಕೊಳ್ಳುವಂತಿಲ್ಲ. ನಾನು ಹೇಳುತ್ತಿರುವ ಗುಂಪಿನವರೇ ಕಲಿಸಿದರು. ಬೇರೆ ಬೇರೆ ಊರುಗಳಲ್ಲಿ ಕೂತು, ಕನ್ನಡದಲ್ಲಿ ಬರೆದದ್ದರ ಕಾಗುಣಿತ ತಪ್ಪು ಹಿಡಿಯುವ ತಂತ್ರಾಂಶವೊಂದನ್ನು ಪುಕ್ಕಟೆಯಾಗಿ ಕಟ್ಟುತ್ತಿದ್ದ ಜನ. ನಾನು ಕೇಳಿದ ದಡ್ಡ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟರು.

ಅಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿಲ್ಲ. ಎಲ್ಲರೂ ತಾವೇ ಇಟ್ಟುಕೊಂಡ ಅಡ್ಡಹೆಸರಿನಲ್ಲೇ ಇರುತ್ತಾರೆ. ಹೊಸಬರು ಬರೆದ ಕೋಡ್ ಮೊದಲ ಸಲ ತಂತ್ರಾಂಶದೊಳಗೆ ಸೇರಿದ ದಿನ ಗುಂಪಿನಲ್ಲಿ ಅವರಿಗೆ ತೊಟ್ಟಿಲ ಶಾಸ್ತ್ರ. ಅವರ ಅಡ್ಡಹೆಸರನ್ನು ಎಮೋಜಿಗಳಲ್ಲಿ ಹೇಗೆ ತೋರಿಸುವುದು ಎಂದು ಎಲ್ಲರೂ ಸೇರಿ ಜಗಳವಾಡುತ್ತಾರೆ. ಚಿತ್ರ ಗೊತ್ತಾದ ಮೇಲೆ, ಕೂಸಿಗೆ ಹೆಸರಿಡುವಾಗ ಕಿವಿಯಲ್ಲಿ ಕೂಗುವಂತೆ ಒಬ್ಬೊಬ್ಬರೂ ‘ಕುರ್ರ್’ ಎಂದು ಟೈಪ್ ಮಾಡುತ್ತಾರೆ. ಆಮೇಲೆ ಆ ಮನುಷ್ಯನನ್ನು ಚಿತ್ರಗಳಿಂದಲೇ ಕರೆಯುವುದು. ಆಮೆವೇಗ ಎಂದು ಹೆಸರಿಟ್ಟುಕೊಂಡವನಿಗೆ ಆಮೆಯ ಪಕ್ಕ ಒಂದು ರಾಕೆಟ್. ಎಲ್ಲರಿಗಿಂತ ಹಿರಿಯಳಾದ ಹೆಂಗಸಿನ ಹೆಸರು ಚಂದ್ರಚಹಾ, ಅವಳಿಗೆ ಚಂದ್ರ ಮತ್ತು ಲೋಟ. ಒಗ್ಗರಣೆ ಎಂಬುವನಿಗೆ ಬಾಣಲೆ, ಮೆಣಸಿನಕಾಯಿ, ಬೆಂಕಿ. ಬೆಂಕಿ ಸಾಲದು, ಇನ್ನೊಂದು ಹಾಕಿ ಎಂದು ಅವನು ವಾರಗಟ್ಟಲೆ ಗೋಳುಹೊಯ್ದುಕೊಂಡಿದ್ದ.

ನಾನು ಇಟ್ಟುಕೊಂಡಿದ್ದ ಹೆಸರು ಕೌದಿ. ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿಯುವ ಹೊದಿಕೆ. ನಮ್ಮ ಹೆಂಗಸರು ಮಳೆಗಾಲ ಮುಗಿದ ಮೇಲೆ ಅಂಗಳದಲ್ಲಿ ಕಾಲು ಚಾಚಿ ಕೂತು ಹೊಲಿಯುತ್ತಾರೆ. ಎಮೋಜಿಯಲ್ಲಿ ಕೌದಿ ಇಲ್ಲ. ಹಾಸಿಗೆ ಹಾಕೋಣ ಎಂದ ಒಗ್ಗರಣೆ. ಅದು ಸೋಮಾರಿಯ ಗುರುತಾಗುತ್ತದೆ ಎಂದು ಚಂದ್ರಚಹಾ ಒಪ್ಪಲಿಲ್ಲ. ಕೊನೆಗೆ ದಾರ ಪೋಣಿಸಿದ ಸೂಜಿ, ಪಕ್ಕದಲ್ಲಿ ಕೆಂಪು, ಹಳದಿ, ಹಸಿರು ಚೌಕಗಳು ಎಂದು ತೀರ್ಮಾನವಾಯಿತು. ಅಂದು ಭಾನುವಾರ, ನಾನು ಗಣೇಶಗುಡಿಯಲ್ಲಿ ಮಾವಶಿಯ ಮನೆಯಲ್ಲಿದ್ದೆ. ಮಾವಶಿ ಎಂದರೆ ನನ್ನ ಅವ್ವನ ತಂಗಿ. ಖುಷಿ ತಡೆಯಲಾಗದೆ ಅವಳಿಗೆ ಫೋನು ತೋರಿಸಿದೆ.

ಮಾವಶಿ ಕಣ್ಣಿನ ಹತ್ತಿರ ಹಿಡಿದು ನೋಡಿ, ಮೂಲೆಯಲ್ಲಿ ಹೂ ಎಲ್ಲಿ ಎಂದು ಕೇಳಿದಳು. ನಮ್ಮಲ್ಲಿ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆಯ ಹೂ ಇಟ್ಟು ಹೊಲಿಯದಿದ್ದರೆ ಅದು ಮುಗಿದ ಲೆಕ್ಕವಲ್ಲ, ಹಾಗೇ ಬಿಟ್ಟ ಕೌದಿಯನ್ನು ಬೆತ್ತಲೆ ಎನ್ನುತ್ತಾರೆ. ನಾನು ಗುಂಪಿನಲ್ಲಿ ಅದನ್ನೇ ಬರೆದೆ. ಸೂಜಿಯವರು ಹೇಳುವುದು ಸರಿ, ಹಾಕಿ ಒಂದು ಹೂ ಎಂದು ಚಂದ್ರಚಹಾ ಆಜ್ಞೆ ಹೊರಡಿಸಿದಳು. ಕೌದಿಯ ಬಗ್ಗೆ ಇಷ್ಟು ತಿಳಿದವಳು ಮೊಮ್ಮಕ್ಕಳು ಕಂಡ ಧಾರವಾಡದ ಕಡೆಯ ಮುದುಕಿಯೇ ಇರಬೇಕು ಎಂದ ಆಮೆ. ಅಂದಿನಿಂದ ನಾನು ಅಜ್ಜಿಯಾದೆ. ಕೋಡಿನಲ್ಲಿ ತಪ್ಪು ತೋರಿಸಿದರೆ ‘ಅಜ್ಜಿ ಬೈದರು’ ಎಂದು ಅಳುವ ಮುಖ ಹಾಕುತ್ತಿದ್ದರು. ನಾನೂ ಬಡಿಗೆಯ ಚಿತ್ರ ಹಾಕಿ ಗದರಿಸುತ್ತಿದ್ದೆ.

ಇದರಲ್ಲಿ ಅಷ್ಟು ಇಷ್ಟಪಡುವಂಥದ್ದೇನಿತ್ತು ಎಂದು ಕೇಳಬಹುದು. ನಾವು ಸಿದ್ದಿಗಳು. ನಮ್ಮ ಮುತ್ತಜ್ಜರ ಮುತ್ತಜ್ಜರನ್ನು ಆಫ್ರಿಕದಿಂದ ಹಡಗಿನಲ್ಲಿ ಗೋವಾಕ್ಕೆ ತಂದಿದ್ದರಂತೆ, ತಪ್ಪಿಸಿಕೊಂಡು ಈ ಕಾಡು ಹೊಕ್ಕರಂತೆ. ಅಂತೆಯೇ ಹೊರತು ಅದಕ್ಕಿಂತ ಹೆಚ್ಚು ನಮಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಬಸ್ಸಿನಲ್ಲಿ ಕಂಡಕ್ಟರ್ ಎಲ್ಲರಿಗೂ ಕನ್ನಡದಲ್ಲಿ ಟಿಕೆಟ್ ಕೇಳಿ ನನ್ನ ಹತ್ತಿರ ಬಂದಾಗ ಹಿಂದಿಗೆ ಹೊರಳುತ್ತಾನೆ. ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ನಾನು ಕೂತಿದ್ದರೂ ‘ಕಂಪ್ಯೂಟರ್‌ನವರು ಎಲ್ಲಿ’ ಎಂದು ನನ್ನನ್ನೇ ಕೇಳುತ್ತಾರೆ. ಧಾರವಾಡಕ್ಕೆ ಹೋದರೆ ಯಾವ ದೇಶ ಎನ್ನುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಿಕೊಂಡು ಮಾಡಿಕೊಂಡು ಸುಸ್ತಾಯಿತು. ಗುಂಪಿನಲ್ಲಿ ಮಾತ್ರ ನನಗೆ ಮುಖವಿರಲಿಲ್ಲ. ಅಲ್ಲಿ ನಾನು ಸೂಜಿ, ಮೂರು ಚೌಕ, ಒಂದು ಹೂವು. ಅಲ್ಲಿಗೆ ಹೋಗಿ ಕೂತರೆ ಚಪ್ಪಲಿ ಬಿಚ್ಚಿ ಮನೆಯೊಳಗೆ ಕಾಲಿಟ್ಟಂತಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಎಲ್ಲರೂ ಒಮ್ಮೆ ಭೇಟಿಯಾಗಬೇಕು ಎಂಬ ಮಾತು ಬಂತು. ಯಾರೋ ದಾಂಡೇಲಿ ಎಂದರು, ಇನ್ಯಾರೋ ಗಣೇಶಗುಡಿಯಲ್ಲಿ ರಾಫ್ಟಿಂಗ್ ಎಂದರು. ಅವರು ಕೋಣೆ ಹಿಡಿದ ಹೋಮ್‌ಸ್ಟೇ ಯಾವುದು ಎಂದು ನೋಡಿದರೆ, ನನ್ನ ಮಾವಶಿ ಅಡುಗೆ ಮಾಡುವ ಜಾಗವೇ. ಬರುತ್ತೇನೆ ಎಂದು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅಜ್ಜಿ ರಾಫ್ಟ್ ಹತ್ತುತ್ತಾರಾ ಎಂದು ನಗುವ ಮುಖಗಳ ಮೆರವಣಿಗೆಯೇ ಹೊರಟಿತು.

ಮಾವಶಿಗೆ ಹೇಳಿದಾಗ ಅವಳ ಸಂಭ್ರಮ ನೋಡಬೇಕಿತ್ತು. ಅವಳ ಜೊತೆ ಕೆಲಸ ಮಾಡುವವಳು ಜೋಯಿಡಾ ಕಡೆಯ ಕೊಂಕಣಿ ಹೆಂಗಸು. ಮಗ ಪಣಜಿಯಲ್ಲಿದ್ದಾನೆ ಎಂದು ದಿನಕ್ಕೆ ನಾಲ್ಕು ಸಲ ಹೇಳುವವಳು. ಅವಳಿಗೆ ಮಾವಶಿ ಹೋಗಿ, ನಮ್ಮ ಹುಡುಗಿಯ ಗೆಳೆಯರು ಬರುತ್ತಿದ್ದಾರೆ, ಎಲ್ಲ ಕಂಪ್ಯೂಟರ್ ಓದಿದವರು, ಅವರೆಲ್ಲ ಇವಳ ಮಾತು ಕೇಳುತ್ತಾರೆ ಎಂದು ಹೇಳಿಬಿಟ್ಟಿದ್ದಳು. ಇಷ್ಟೆಲ್ಲ ಯಾಕೆ ಹೇಳಿದಿ ಎಂದು ನಾನು ರೇಗಿದೆ. ಸುಳ್ಳೇನಲ್ಲವಲ್ಲ ಎಂದಳು.

ಅವರು ಬರುವ ದಿನ ನಾನು ಬೆಳಗಿನ ಬಸ್ಸಿಗೆ ಹೋದೆ. ಇದ್ದುದರಲ್ಲಿ ಒಳ್ಳೆಯ ನೀಲಿ ಕುರ್ತಾ ಹಾಕಿಕೊಂಡಿದ್ದೆ. ಅವರಾಗಲೇ ಬಂದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆಯೇ ಹೊಳೆಯಲ್ಲಿ ರಾಫ್ಟ್ ಇಳಿಯುವುದು. ಅಂದು ನೀರು ತಡವಾಗಿತ್ತು. ಹೊತ್ತು ಕಳೆಯಲು ಚಂದ್ರಚಹಾ ಒಂದು ಆಟ ಹೂಡಿದ್ದಳು. ಪ್ರತಿಯೊಬ್ಬರ ಎಮೋಜಿಯನ್ನೂ ಸ್ಟಿಕರ್ ಮಾಡಿಸಿ ತಂದು ಒಂದು ಬುಟ್ಟಿಯಲ್ಲಿ ಹಾಕಿದ್ದಳು. ಯಾರೂ ತಾನು ಯಾರೆಂದು ಹೇಳಬಾರದು. ಉಳಿದವರು ಮುಖ ನೋಡಿ ಊಹಿಸಿ ಸ್ಟಿಕರ್ ಅಂಟಿಸಬೇಕು. ಸರಿಯಾದರೆ ಎಲ್ಲರೂ ಸೇರಿ ಅವರ ಕಿವಿಯಲ್ಲಿ ಕುರ್ರ್ ಎನ್ನಬೇಕು. ಇದನ್ನೆಲ್ಲ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ನೇರವಾಗಿ ಅಂಗಳಕ್ಕೆ ಹೋಗುವ ಧೈರ್ಯ ಬಂದಿರಲಿಲ್ಲ.

ಮಾವಶಿ ಚಹಾ ಸೋಸಿ ಲೋಟಗಳನ್ನು ತಾಟಿನಲ್ಲಿಟ್ಟು ನನ್ನ ಕೈಗೆ ಕೊಟ್ಟಳು. ನಮ್ಮ ಮನೆಗಳಲ್ಲಿ ಯಾರ ನೆಂಟರು ಬರುತ್ತಾರೋ ಅವರೇ ಮೊದಲ ಚಹಾ ಕೊಡಬೇಕು, ಬೇರೆಯವರ ಕೈಯಲ್ಲಿ ಕೊಡಿಸಿದರೆ ಅವಮಾನ ಮಾಡಿದ ಹಾಗೆ.

“ನಿನ್ನ ಮಂದಿ ಬಂದಾರ,” ಎಂದಳು ಮಾವಶಿ. “ಮೊದಲನೇ ಚಹಾ ನೀನ ಕೊಡಬೇಕು. ನಾ ಕೊಟ್ಟರ ಅದು ಹೋಟೆಲ್ ಚಹಾ ಆಗತೈತಿ.”

ಅದು ನನಗೂ ಸರಿ ಅನ್ನಿಸಿತು. ಅತಿಥಿಗಳನ್ನು ಬರಮಾಡಿಕೊಳ್ಳುವ ಮನೆಯ ಹೆಣ್ಣುಮಗಳಂತೆ ತಾಟು ಹಿಡಿದು ಹೊರಟೆ. ಅದು ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಆ ಹೋಮ್‌ಸ್ಟೇಯಲ್ಲಿ ಗುಡಿಸುವವರು, ಬಡಿಸುವವರು, ಸಂಜೆ ಬೆಂಕಿ ಹಾಕಿ ಡಮಾಮಿ ಎಂಬ ಡೋಲು ಬಾರಿಸಿ ಕುಣಿದು ತೋರಿಸುವವರು ಎಲ್ಲ ನಮ್ಮವರೇ. ಅಲ್ಲಿಗೆ ಬಂದವರಿಗೆ ನನ್ನಂಥ ಮುಖಗಳ ಪರಿಚಯವಿರುವುದು ಅಷ್ಟೇ.

ಒಬ್ಬೊಬ್ಬರ ಮುಂದೆಯೂ ತಾಟು ಹಿಡಿದೆ. ಲೋಟ ತೆಗೆದುಕೊಂಡರು, ಥ್ಯಾಂಕ್ಸ್ ಎಂದರು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಒರಟಾಗಿ ನಡೆದುಕೊಂಡಿದ್ದರೆ ಸುಲಭವಿತ್ತು, ಜಗಳವಾಡಿ ಬರುತ್ತಿದ್ದೆ. ಒಬ್ಬ ದಪ್ಪ ಕನ್ನಡಕದ ಯುವಕ ಸಕ್ಕರೆ ಇಲ್ಲದ ಚಹಾ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ತರುತ್ತೇನೆ ಎಂದು ಕನ್ನಡದಲ್ಲಿ ಹೇಳಿದೆ.

“ಅರೆ, ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಾ!” ಎಂದ. ಆಮೇಲೆ, “ಡ್ಯಾನ್ಸ್ ಎಷ್ಟು ಗಂಟೆಗೆ ಶುರುವಾಗುತ್ತೆ?” ಎಂದು ಕೇಳಿದ.

ಅವನ ಎದೆಯ ಮೇಲೆ ಆಗಲೇ ಸ್ಟಿಕರ್ ಅಂಟಿತ್ತು. ಆಮೆ ಮತ್ತು ರಾಕೆಟ್. ಅದಕ್ಕೂ ವಾರದ ಹಿಂದೆ ಅವನೂ ನಾನೂ ಇಡೀ ಮಧ್ಯಾಹ್ನ ಅವನ ಕೋಡಿನಲ್ಲಿ ಒತ್ತಕ್ಷರಗಳು ಯಾಕೆ ಒಡೆಯುತ್ತಿವೆ ಎಂದು ತಲೆ ಕೆಡಿಸಿಕೊಂಡಿದ್ದೆವು. ಅಜ್ಜಿ, ನೀವಿಲ್ಲದಿದ್ದರೆ ನನ್ನ ಗತಿಯೇನು ಎಂದು ಬರೆದಿದ್ದ. ಸಂಜೆ ಏಳಕ್ಕೆ ಎಂದೆ. ಡ್ಯಾನ್ಸ್ ಎಷ್ಟು ಹೊತ್ತಿಗೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆಗ ಹೇಳಬಹುದಿತ್ತು. ಎಷ್ಟೋ ಸಲ ಯೋಚಿಸಿದ್ದೇನೆ, ಒಂದೇ ಮಾತು ಸಾಕಿತ್ತು. ಆದರೆ ಹೇಳಬಾರದು ಎನ್ನುವುದೇ ಆಟದ ನಿಯಮವಲ್ಲವೇ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಅವರು ಊಹಿಸಲಿ, ಊಹಿಸಿಯೇ ಊಹಿಸುತ್ತಾರೆ, ಇಷ್ಟು ವರ್ಷದ ಒಡನಾಟವಿದೆ. ಖಾಲಿ ತಾಟು ಹಿಡಿದು ಕಂಬದ ಪಕ್ಕ ನಿಂತೆ. ಬುಟ್ಟಿಯಲ್ಲಿ ನನ್ನ ಸ್ಟಿಕರ್ ಒಂದೇ ಉಳಿಯಿತು. ಅದನ್ನು ಹಿಡಿದುಕೊಂಡು ಒಗ್ಗರಣೆ ಎಲ್ಲರ ಮುಖ ನೋಡಿದ. ನನ್ನ ಮುಖದ ಮೇಲೂ ಅವನ ಕಣ್ಣು ಹಾದುಹೋಯಿತು, ನಿಲ್ಲಲಿಲ್ಲ. ಯಾರದೋ ಹೆಂಡತಿ ಜೊತೆಗೆ ಬಂದಿದ್ದಳು, ಕಂಪ್ಯೂಟರಿಗೂ ಅವಳಿಗೂ ಸಂಬಂಧವೇ ಇಲ್ಲ, ಆದರೆ ತೇಪೆ ಕೆಲಸದ ಕುಪ್ಪಸ ತೊಟ್ಟಿದ್ದಳು. ಅವಳ ತೋಳಿಗೆ ಅಂಟಿಸಿದ. ಅಯ್ಯೋ ನಾನಲ್ಲ ಎಂದು ಅವಳು ನಕ್ಕು ಕಿತ್ತು ಕೊಟ್ಟಳು.

ಅಜ್ಜಿ ಕೈಕೊಟ್ಟರು ಎಂದು ಚಂದ್ರಚಹಾ ತೀರ್ಪು ಕೊಟ್ಟಳು. ಅವಳ ದನಿಯಲ್ಲಿ ನಿಜವಾದ ಬೇಸರವಿತ್ತು. ಅಜ್ಜಿಯನ್ನು ನೋಡಲೆಂದೇ ಬಂದಿದ್ದೆ ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ನಾನು ಅವಳಿಂದ ಮೂರು ಮಾರು ದೂರದಲ್ಲಿದ್ದೆ. ಒಗ್ಗರಣೆ ಸ್ಟಿಕರನ್ನು ನನ್ನ ಪಕ್ಕದ ಕಂಬಕ್ಕೆ ಅಂಟಿಸಿ, ಅಜ್ಜಿಯೂ ಫೋಟೋದಲ್ಲಿ ಬರಲಿ ಎಂದ. ಎಲ್ಲರೂ ಕಂಬದ ಸುತ್ತ ನಿಂತರು. ಚಂದ್ರಚಹಾ ತನ್ನ ಫೋನು ನನ್ನ ಕೈಗಿಟ್ಟು, ಒಂದು ಫೋಟೋ ತೆಗೀತೀಯಾ ಅಮ್ಮಾ ಎಂದಳು. ತಾಟನ್ನು ಕಟ್ಟೆಯ ಮೇಲಿಟ್ಟು ಫೋಟೋ ತೆಗೆದೆ. ಇನ್ನೊಂದು ಎಂದರು, ಇನ್ನೊಂದು ತೆಗೆದೆ. ಎಲ್ಲರೂ ಕಂಬಕ್ಕೆ ಬಾಯಿ ಹಚ್ಚಿ ಕುರ್ರ್ ಎಂದರು. ನೀರು ಬಿಟ್ಟಿದ್ದಾರೆ ಎಂದು ಜೀಪಿನವನು ಹಾರ್ನ್ ಹೊಡೆದ. ಅವರೆಲ್ಲ ಹೊಳೆಗೆ ಹೋದರು.

ಎಂಜಲು ಲೋಟಗಳನ್ನು ಆರಿಸಿಕೊಂಡು ಒಳಗೆ ಬಂದಾಗ ಕೊಂಕಣಿ ಹೆಂಗಸು ಕಿಟಕಿಯ ಹತ್ತಿರವೇ ನಿಂತಿದ್ದಳು. ಅವಳು ಎಷ್ಟು ನೋಡಿದಳೋ ತಿಳಿಯಲಿಲ್ಲ. ಮಾವಶಿ ಮಾತ್ರ ಎಲ್ಲವನ್ನೂ ನೋಡಿದ್ದಳು. ನನ್ನ ಕೈಯಿಂದ ತಾಟು ಇಸಿದುಕೊಂಡು ಲೋಟಗಳನ್ನು ತೊಳೆಯುವುದಕ್ಕೆ ಹಾಕಿದಳು. ನಾನು ನೆಲ ನೋಡುತ್ತ ನಿಂತಿದ್ದೆ.

“ತಾಟು ನಾ ಕೊಡಬಾರದಿತ್ತು,” ಎಂದಳು. ಅಷ್ಟೇ.

ನನಗೆ ಸತ್ತುಹೋಗುವಷ್ಟು ನಾಚಿಕೆಯಾದದ್ದು ಆಗ. ಅಂಗಳದಲ್ಲಿ ಆದದ್ದು ಅವಮಾನ. ಅವಮಾನ ನನಗೆ ಹೊಸದಲ್ಲ, ಅದನ್ನು ನುಂಗುವ ಅಭ್ಯಾಸವಿದೆ. ಆದರೆ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡವಳ ಕಣ್ಣೆದುರಿಗೆ ನಾನು ನನ್ನವರ ಮುಂದೆಯೇ ಯಾರೂ ಅಲ್ಲದವಳಾಗಿ ನಿಂತಿದ್ದೆ. ತಪ್ಪನ್ನೆಲ್ಲ ಅವಳು ಒಂದು ತಾಟಿನ ಮೇಲೆ, ತನ್ನ ಮೇಲೆ ಹಾಕಿಕೊಂಡಳು. ಅವರು ಹೊಳೆಯಿಂದ ಬರುವ ಮೊದಲೇ ಬಸ್ಸು ಹತ್ತಿದೆ. ದಾಂಡೇಲಿ ಬರುವತನಕ ಕಿಟಕಿಯಿಂದಾಚೆ ಏನು ನೋಡಿದೆನೋ ನೆನಪಿಲ್ಲ.

ಸಂಜೆ ಗುಂಪಿನಲ್ಲಿ ಆ ಫೋಟೋ ಬಂತು. ಚೆನ್ನಾಗಿಯೇ ಬಂದಿತ್ತು. ಅಜ್ಜಿ ಎಲ್ಲಿ, ಅಜ್ಜಿ ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದರು. ಮೈ ಸರಿ ಇರಲಿಲ್ಲ ಎಂದು ಬರೆದೆ. ಬೇಗ ಹುಷಾರಾಗಿ ಎಂದು ಗುಳಿಗೆಗಳು, ಹೂಗುಚ್ಛಗಳು, ಬಿಸಿ ಗಂಜಿಯ ಬಟ್ಟಲುಗಳು ಸಾಲುಸಾಲಾಗಿ ಬಂದವು. ಒಂದೊಂದನ್ನೂ ನೋಡುವಾಗ ಮೈಯೆಲ್ಲ ಹಿಡಿಯಷ್ಟಾಗುತ್ತಿತ್ತು. ಮಳೆಗಾಲದುದ್ದಕ್ಕೂ ಅಜ್ಜಿಯಾಗಿಯೇ ಇದ್ದೆ, ಆದರೆ ಬಡಿಗೆಯ ಚಿತ್ರ ಹಾಕಿ ಗದರಿಸಲು ಮನಸ್ಸು ಬರುತ್ತಿರಲಿಲ್ಲ. ಅವರು ನಗಿಸಿದರೆ ಕಂಬದ ಪಕ್ಕ ನಿಂತದ್ದು ನೆನಪಾಗುತ್ತಿತ್ತು.

ಕೊನೆಗೆ ದಸರೆಯ ಹೊತ್ತಿಗೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತು ಬರೆದುಬಿಟ್ಟೆ. ಗಣೇಶಗುಡಿಗೆ ನಾನು ಬಂದಿದ್ದೆ. ಚಹಾ ಕೊಟ್ಟವಳು ನಾನೇ, ಫೋಟೋ ತೆಗೆದವಳೂ ನಾನೇ. ಯಾರ ಮೇಲೂ ಸಿಟ್ಟಿಲ್ಲ ಎಂದೂ ಸೇರಿಸಿದೆ. ಅದು ಪೂರ್ತಿ ನಿಜವಲ್ಲ.

ಯಾರೋ ಟೈಪ್ ಮಾಡುತ್ತಿದ್ದಾರೆ ಎಂದು ಪರದೆಯಲ್ಲಿ ಬರುವುದು, ನಿಲ್ಲುವುದು. ಆಮೇಲೆ ಮುಗಿದ ಕೈಗಳ ಸಾಲು ಬಂತು. ಚಂದ್ರಚಹಾ ಉದ್ದಕ್ಕೆ ಬರೆದು ಕ್ಷಮೆ ಕೇಳಿದಳು, ಅವಳು ಅತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಆಮೆಗೆ ಏನು ಮಾಡಬೇಕೆಂದೇ ತಿಳಿದಿರಲಿಲ್ಲ, ಪಾಪ. ಅವನು ನನಗೆ ಹೊಸ ಚಿತ್ರ ಮಾಡಿ ಹಾಕಿದ: ಸೂಜಿ, ಮೂರು ಚೌಕ, ಹೂವು, ಅದರ ಮುಂದೆ ಒಬ್ಬ ಹೆಂಗಸಿನ ಮುಖ. ಎಮೋಜಿಯಲ್ಲಿ ಮುಖಕ್ಕೆ ಬಣ್ಣ ಆರಿಸಬಹುದು. ಇದ್ದುದರಲ್ಲಿ ಅತಿ ಕಪ್ಪು ಬಣ್ಣ ಆರಿಸಿದ್ದ. ಈಗ ಪೂರ್ತಿಯಾಯಿತು ಎಂದು ಕೆಳಗೆ ಬರೆದಿದ್ದ. ಹತ್ತಾರು ಜನ ಅದಕ್ಕೆ ಹೃದಯದ ಗುರುತು ಒತ್ತಿದ್ದರು.

ಆ ಮುಖವನ್ನು ತೆಗೆದುಬಿಡಿ ಎಂದು ಬರೆದೆ. ಉಳಿದ ಯಾರ ಚಿತ್ರದಲ್ಲಿಯೂ ಅವರ ಮೈಬಣ್ಣವಿಲ್ಲ ಎಂದು ಬರೆಯಲು ಹೋದೆ, ಅದನ್ನು ಬರೆಯಲಿಲ್ಲ. ಕೂಡಲೇ ತೆಗೆದರು, ಮತ್ತೆ ಕ್ಷಮೆ ಕೇಳಿದರು. ಅಂದಿನಿಂದ ಅವರೆಲ್ಲ ನನ್ನನ್ನು ಮೇಡಂ ಎನ್ನುತ್ತಾರೆ, ಗಾಜಿನ ಸಾಮಾನು ಹಿಡಿದ ಹಾಗೆ ಮಾತಾಡುತ್ತಾರೆ. ನನ್ನ ಕೋಡಿನಲ್ಲಿ ತಪ್ಪಿದ್ದರೂ ಯಾರೂ ಹೇಳುವುದಿಲ್ಲ, ನಾನೇ ಹುಡುಕಿಕೊಳ್ಳುತ್ತೇನೆ. ಅಜ್ಜಿ ಎಂದು ಕರೆಯಿರಿ ಎಂದು ಕೇಳಿಕೊಳ್ಳುವುದು ಹೇಗೆ? ಅದು ಕೇಳಿ ಪಡೆಯುವಂಥದ್ದಲ್ಲ.

ಆದರೂ ಒಂದು ಭಾರ ಇಳಿದಿತ್ತು. ಮಾವಶಿಗೆ ಇದನ್ನು ಹೇಳಬೇಕು, ಕೊನೆಗೂ ಬಾಯಿ ಬಿಟ್ಟೆ, ತಪ್ಪು ತಾಟಿನದಲ್ಲ ಎಂದು ಹೇಳಬೇಕು ಎಂದುಕೊಂಡು ಮುಂದಿನ ಭಾನುವಾರ ಗಣೇಶಗುಡಿಗೆ ಹೋದೆ. ಬೇಸಿಗೆಯ ಆ ದಿನದ ನಂತರ ನಾನು ಆ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಮಾವಶಿ ಈರುಳ್ಳಿ ಹೆಚ್ಚುತ್ತಿದ್ದಳು. ಕೊಂಕಣಿ ಹೆಂಗಸು ಹಿಟ್ಟು ಕಲಸುತ್ತಿದ್ದಳು. ನನ್ನನ್ನು ನೋಡಿದ್ದೇ ಅವಳು, ನಿನ್ನ ಗೆಳೆಯರು ಕೊನೆಗೂ ಬರಲೇ ಇಲ್ಲವಲ್ಲ ಎಂದಳು. ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅಂದು ನಾನು ಬಸ್ಸು ಹತ್ತಿದ ಮೇಲೆ, ಅಂಗಳದಲ್ಲಿದ್ದವರಲ್ಲಿ ನಿಮ್ಮ ಹುಡುಗಿಯ ಗೆಳೆಯರು ಯಾರು ಎಂದು ಅವಳು ಮಾವಶಿಯನ್ನು ಕೇಳಿದ್ದಳಂತೆ. ಇವರಲ್ಲ, ಇವರು ಬೇರೆ ಯಾರೋ, ಅವಳ ಗೆಳೆಯರಿಗೆ ಬರಲಾಗಲಿಲ್ಲ, ಮುಂದೆ ಬರುತ್ತಾರೆ ಎಂದಿದ್ದಳಂತೆ ಮಾವಶಿ. ಮಳೆಗಾಲವೆಲ್ಲ ಅವಳು ಆಗಾಗ ಕೇಳುತ್ತಲೇ ಇದ್ದಳಂತೆ, ಮಾವಶಿ ಅದನ್ನೇ ಹೇಳುತ್ತಲೇ ಇದ್ದಳಂತೆ.

ನಾನು ಮಾವಶಿಯ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ, ಕೈಯೂ ನಿಲ್ಲಲಿಲ್ಲ.

“ಬರ್ತಾರ,” ಎಂದಳು. “ದೂರದವರು. ಅವರಿಗೂ ಕೆಲಸ ಇರ್ತಾವ.”

ಹೇಳಬೇಕೆಂದು ತಂದಿದ್ದ ಮಾತು ಹೇಳಿದರೆ ಅವಳ ಮಾತು ಸುಳ್ಳಾಗುತ್ತಿತ್ತು. ಕೊಂಕಣಿ ಹೆಂಗಸು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

“ಹೌದ್ರಿ,” ಎಂದೆ. “ಬರ್ತಾರ.”